ಮನೆ ರಿಜಿಸ್ಟರ್ ಆಯ್ತು, ಊಟಕ್ಕೆ ಯಾರು ಜವಾಬ್ದಾರಿ?

ಕನಕಪುರ ರಸ್ತೆಯಲ್ಲೋ ದೇವನಹಳ್ಳಿ ಕಡೆಗೋ ಹೋದರೆ ಈಗ ಒಂದು ಬಗೆಯ ಹೋರ್ಡಿಂಗ್ ಕಣ್ಣಿಗೆ ಬೀಳುತ್ತದೆ. ನರೆಗೂದಲಿನ ದಂಪತಿ, ಕೈಯಲ್ಲಿ ಕಾಫಿ ಕಪ್ಪು, ಹಿಂದೆ ಹಸಿರು ಹುಲ್ಲು. ಐವತ್ತೈದೋ ಅರವತ್ತೋ ದಾಟಿದವರಿಗೆ ಅಂತಲೇ ಕಟ್ಟಿದ ಬಡಾವಣೆ. ಗೇಟು, ಸೆಕ್ಯುರಿಟಿ, ಕ್ಲಬ್ ಹೌಸು, ಎಲ್ಲರಿಗೂ ಒಂದೇ ಊಟದ ಮನೆ, ಗುಂಡಿ ಒತ್ತಿದರೆ ಬರುವ ನರ್ಸು. 'ಪಾಪ, ಮಕ್ಕಳು ಕೈಬಿಟ್ಟಿರಬೇಕು' ಅಂತ ಮರುಗುವವರು ಒಂದಷ್ಟು ಜನ. 'ದುಡ್ಡಿದ್ದಿದ್ದರೆ ನಾನೂ ಹೋಗಿಬಿಡ್ತಿದ್ದೆ' ಅನ್ನುವವರು ಇನ್ನೊಂದಷ್ಟು ಜನ. ಈ ಮರುಕ, ಆಸೆಗಳ ನಡುವೆ ಕೇಳಲೇಬೇಕಾದ ಪ್ರಶ್ನೆ ಹಿಂದೆ ಬಿದ್ದಿದೆ. ಅಲ್ಲಿಗೆ ಹೋಗುವವರು ಅಷ್ಟು ದುಡ್ಡು ಕೊಟ್ಟು ಕೊಳ್ಳುವುದು ಏನನ್ನು?

ಎರಡು ಕೋಣೆಯ ಮನೆ ಬೆಂಗಳೂರಿನ ಯಾವ ಮೂಲೆಯಲ್ಲಾದರೂ ಸಿಗುತ್ತದೆ. ಇಲ್ಲಿ ಹೆಚ್ಚು ಬೆಲೆ ಕೊಡುವುದು ಮುಂದಿನ ಇಪ್ಪತ್ತು ವರ್ಷದ ಊಟ, ಸ್ವಚ್ಛತೆ, ರಿಪೇರಿ, ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ಓಡಿ ಬರುವ ಒಬ್ಬ ಮನುಷ್ಯ, ಇವಕ್ಕೆ. ಆದರೆ ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗುವುದು ಗೋಡೆ ಮತ್ತು ನೆಲ ಮಾತ್ರ. ಯಾವುದಕ್ಕಾಗಿ ಹೋದಿರೋ ಅದು ಒಂದು ಬೇರೆ ಒಪ್ಪಂದದಲ್ಲಿ ಇರುತ್ತದೆ. ಸಹಿ ಹಾಕುವ ದಿನ ಅದನ್ನು ಪೂರ್ತಿ ಓದುವವರು ಕಮ್ಮಿ.

ಬೇಡಿಕೆ ಯಾಕೆ ಏರುತ್ತಿದೆ ಅನ್ನುವುದು ಗೊತ್ತಿರುವ ವಿಷಯವೇ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2023ರಲ್ಲಿ ಹೊರತಂದ ವರದಿಯ ಪ್ರಕಾರ 2022ರಲ್ಲಿ ಭಾರತದಲ್ಲಿ 60 ದಾಟಿದವರು ಸುಮಾರು 14.9 ಕೋಟಿ. 2050ರ ಹೊತ್ತಿಗೆ 34.7 ಕೋಟಿ ಆಗುತ್ತಾರೆ, ಅಂದರೆ ಐವರಲ್ಲಿ ಒಬ್ಬರು. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಈ ವಯಸ್ಸಿನವರು ಶೇ 9.5 ಇದ್ದರು. ಮಕ್ಕಳು ನ್ಯೂಜೆರ್ಸಿಯಲ್ಲೋ ಡಲ್ಲಾಸ್‌ನಲ್ಲೋ ಇರುವ ಮನೆ ಮೈಸೂರಿನ ಬೀದಿಗಳಲ್ಲಿ, ಧಾರವಾಡದ ಕಾಲೊನಿಗಳಲ್ಲಿ ಹುಡುಕಬೇಕಾಗಿಲ್ಲ. ಅಷ್ಟು ದೂರವೂ ಬೇಡ. ಮಗಳು ವೈಟ್‌ಫೀಲ್ಡ್‌ನಲ್ಲಿ, ಅಪ್ಪ ಅಮ್ಮ ಜಯನಗರದಲ್ಲಿ ಇದ್ದರೂ ಕಷ್ಟವೇ. ಸಂಜೆ ಆರಕ್ಕೆ ಅಮ್ಮ ಬಿದ್ದರು ಅಂತ ಫೋನ್ ಬಂದರೆ ಮಗಳು ತಲುಪುವಾಗ ಎಂಟೂವರೆ.

ಇನ್ನೊಂದು ಕಾರಣವನ್ನು ಜಾಹೀರಾತಿನವರು ಹೇಳುವುದಿಲ್ಲ, ಹೋದವರು ಮಾತ್ರ ಹೇಳುತ್ತಾರೆ. ಬೇಸರ ಬಂದಿರುವುದು ಮಕ್ಕಳ ಮೇಲಲ್ಲ, ಮನೆ ನಡೆಸುವುದರ ಮೇಲೆ. ಕೆಲಸದವಳು ಬರಲಿಲ್ಲ, ಸಂಪಿಗೆ ನೀರು ಬರಲಿಲ್ಲ, ಪ್ಲಂಬರ್ ನಾಳೆ ಅಂದ. ಮಹಡಿ ಮೆಟ್ಟಿಲು ಹತ್ತಲು ಮಂಡಿ ಕೇಳುತ್ತಿಲ್ಲ. ನಲವತ್ತು ವರ್ಷ ಅಡುಗೆ ಮಾಡಿದ ಹೆಂಗಸಿಗೆ 'ಇನ್ನು ನೀವು ಒಲೆ ಹಚ್ಚಬೇಕಿಲ್ಲ' ಅನ್ನುವುದು ಸಣ್ಣ ಮಾತಲ್ಲ. ನನಗೆ ಗೊತ್ತಿರುವ ಕೆಲವು ಮನೆಗಳಲ್ಲಿ ಹೊರಡೋಣ ಅಂತ ಹಟ ಹಿಡಿದವರು ಹೆಂಗಸರೇ. ಗಂಡಸರಿಗೆ 'ನನ್ನ ಮನೆ' ಬಿಡಲು ಸಂಕಟ. ಹೆಂಗಸರಿಗೆ ಆ ಮನೆಯ ಕೆಲಸ ಬಿಟ್ಟರೆ ಸಾಕಾಗಿತ್ತು.

ಈಗ ಕಾನೂನಿಗೆ ಬರೋಣ. ಕಟ್ಟಡದ ವಿಷಯದಲ್ಲಿ ಪರಿಸ್ಥಿತಿ ತಕ್ಕಮಟ್ಟಿಗೆ ಚೆನ್ನಾಗಿದೆ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಪ್ರಕಾರ ಸ್ವಾಧೀನ ಕೊಟ್ಟ ಮೇಲೆ ಐದು ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಮಾಡಬೇಕು. ಖರೀದಿದಾರರಿಂದ ಬಂದ ಹಣದ ಶೇ 70 ಭಾಗ ಅದೇ ಯೋಜನೆಯ ಪ್ರತ್ಯೇಕ ಖಾತೆಯಲ್ಲಿ ಇರಬೇಕು. ಗೋಡೆ ಸೀಳಿದರೆ, ಲಿಫ್ಟ್ ಕೊಡದಿದ್ದರೆ ಹೋಗಿ ದೂರು ಕೊಡಲು ಒಂದು ಜಾಗ ಇದೆ.

ಸಾರು ನೀರಾದರೆ? ರಾತ್ರಿ ನರ್ಸ್ ಇರುತ್ತಾರೆ ಅಂದದ್ದು ಎರಡನೇ ವರ್ಷಕ್ಕೆ 'ಆನ್ ಕಾಲ್' ಆದರೆ? ಆಂಬುಲೆನ್ಸ್ ಇದೆ, ಡ್ರೈವರ್ ಇಲ್ಲ ಅಂದರೆ? ಗ್ರಾಹಕರ ಆಯೋಗಕ್ಕೆ ಹೋಗಬಹುದು, ನಿಜ. ಎಪ್ಪತ್ತೆಂಟರ ವಯಸ್ಸಿನಲ್ಲಿ, ದಿನಾ ತನಗೆ ಊಟ ಹಾಕುವವರ ಮೇಲೇ ಕೇಸು ಹಾಕಿಕೊಂಡು ಎಷ್ಟು ಜನ ಓಡಾಡುತ್ತಾರೆ, ಹೇಳಿ.

ಸರ್ಕಾರಕ್ಕೆ ಇದು ತಿಳಿಯದ್ದೇನಲ್ಲ. ಕೇಂದ್ರದ ವಸತಿ ಮತ್ತು ನಗರ ವ್ಯವಹಾರ ಸಚಿವಾಲಯ 2019ರಲ್ಲಿ ನಿವೃತ್ತರ ಮನೆಗಳಿಗೆ ಒಂದು ಮಾದರಿ ಮಾರ್ಗಸೂಚಿ ಮಾಡಿತು. ಬಿಲ್ಡರ್, ಸೇವೆ ಕೊಡುವ ಸಂಸ್ಥೆ, ಮನೆ ಕೊಳ್ಳುವವರು, ಈ ಮೂವರೂ ಸೇರಿ ಒಂದೇ ಒಪ್ಪಂದ ಮಾಡಿಕೊಳ್ಳಬೇಕು ಅನ್ನುವುದು ಅದರಲ್ಲಿರುವ ಒಳ್ಳೆಯ ಅಂಶ. ಹಾಗಾದರೆ 'ಅದು ನಮ್ಮ ಕೆಲಸ ಅಲ್ಲ, ಅವರನ್ನು ಕೇಳಿ' ಅಂತ ಒಬ್ಬರ ಮೇಲೊಬ್ಬರು ಹಾಕಲು ಆಗುವುದಿಲ್ಲ. ಆದರೆ ಅದು ಮಾದರಿ ಅಷ್ಟೆ, ರಾಜ್ಯಗಳು ಒಪ್ಪಿ ಜಾರಿಗೆ ತಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಮಹಾರಾಷ್ಟ್ರದ ರೇರಾ ಪ್ರಾಧಿಕಾರ 2024ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಹಿರಿಯರ ವಸತಿ ಅಂತ ಹೇಳಿ ಮಾರುವ ಯೋಜನೆಗಳಲ್ಲಿ ರ‍್ಯಾಂಪ್, ಗಾಲಿಕುರ್ಚಿ ಹೋಗುವಂಥ ಬಾಗಿಲು, ಹಿಡಿಕೆಗಳಂಥವು ಮಾರಾಟದ ಒಪ್ಪಂದದಲ್ಲೇ ಇರಬೇಕು ಅಂದಿತು. ಇದೂ ಮುಖ್ಯವಾಗಿ ಕಟ್ಟಡದ ಮಾತೇ. ಸೇವೆಯನ್ನು ಹತೋಟಿಗೆ ತರಲು 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಒಂದು ಮಸೂದೆ ಬಂದಿತ್ತು. 2007ರ ಹಿರಿಯ ನಾಗರಿಕರ ಕಾಯ್ದೆಗೆ ತಿದ್ದುಪಡಿ ತಂದು, ಹಿರಿಯರ ಆರೈಕೆ ಮನೆಗಳೆಲ್ಲ ನೋಂದಣಿ ಮಾಡಿಸಬೇಕು, ಕನಿಷ್ಠ ಗುಣಮಟ್ಟ ಇರಬೇಕು ಅನ್ನುವುದು ಅದರ ಉದ್ದೇಶ. ಸ್ಥಾಯಿ ಸಮಿತಿಗೆ ಹೋಯಿತು. ಪಾಸಾಗಲಿಲ್ಲ. ಆ ಲೋಕಸಭೆಯ ಅವಧಿಯ ಜೊತೆಗೆ ಅದೂ ಮುಗಿಯಿತು.

ಇದನ್ನೆಲ್ಲ ಬದಿಗಿಟ್ಟು ಒಂದು ತಿಂಗಳ ಬಿಲ್ ನೋಡೋಣ. ಒಂದು ಜೋಡಿಗೆ ತಿಂಗಳಿಗೆ 40,000 ರೂಪಾಯಿ ಅಂದುಕೊಳ್ಳಿ. ಮನೆಯ ಅಳತೆ ಮೇಲೆ ಲೆಕ್ಕ ಹಾಕುವ ಮೇಂಟೆನೆನ್ಸ್ 14,000, ಇಬ್ಬರ ಊಟ 18,000, ಮನೆ ಸ್ವಚ್ಛ ಮಾಡುವುದು ಮತ್ತು ನರ್ಸಿಂಗ್ 8,000. ಇವು ಲೆಕ್ಕ ತೋರಿಸಲು ಇಟ್ಟುಕೊಂಡ ಅಂಕಿಗಳು. ಎಷ್ಟೋ ಕಡೆ ಇದಕ್ಕಿಂತ ಜಾಸ್ತಿ, ಕೆಲವು ಕಡೆ ಕಮ್ಮಿ.

ಜಿಎಸ್‌ಟಿ ಬೇರೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಸಾಮಾನ್ಯ ಅಪಾರ್ಟ್‌ಮೆಂಟಿನಲ್ಲಿ ನಿವಾಸಿಗಳ ಸಂಘವೇ ಮೇಂಟೆನೆನ್ಸ್ ಸಂಗ್ರಹಿಸುತ್ತದೆ. ತಿಂಗಳಿಗೆ ಒಬ್ಬ ಸದಸ್ಯರಿಂದ 7,500 ರೂಪಾಯಿವರೆಗೆ ಆದರೆ ತೆರಿಗೆ ಇಲ್ಲ. ಈ ವಿನಾಯಿತಿ ಇರುವುದು ಲಾಭಕ್ಕಲ್ಲದೆ ನಡೆಯುವ ಸಂಘಗಳಿಗೆ. ಕಂಪನಿಯೇ ಬಡಾವಣೆ ನಡೆಸಿ ನೇರ ಬಿಲ್ ಕಳಿಸಿದರೆ ಮೊದಲ ರೂಪಾಯಿಯಿಂದಲೇ ಶೇ 18 ಬೀಳುತ್ತದೆ. 14,000ಕ್ಕೆ 2,520. ಯಾರು ನಡೆಸುತ್ತಾರೆ ಅನ್ನುವುದು ಹೀಗೆ ಜೇಬಿಗೂ ಸಂಬಂಧಪಟ್ಟ ವಿಷಯ.

ಈಗ ಆದಾಯದ ಕಡೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು ಗರಿಷ್ಠ 30 ಲಕ್ಷ ಇಡಬಹುದು. ಶೇ 8.2 ಬಡ್ಡಿ ಇದ್ದಾಗ ಇಟ್ಟಿದ್ದರೆ ತಿಂಗಳಿಗೆ 20,500ರ ಲೆಕ್ಕ. ಗಂಡ ಹೆಂಡತಿ ಇಬ್ಬರೂ ಪೂರ್ತಿ ಇಟ್ಟರೆ 41,000. ತೆರಿಗೆ ಬಿಟ್ಟರೆ ಬಿಲ್ 40,000. ಆಹಾ, ಸರಿಹೋಯ್ತು ಅನ್ನಿಸುತ್ತದೆ. ಮಾರಾಟದವರು ಕಾಗದದ ಮೇಲೆ ಬರೆದು ತೋರಿಸುವುದೂ ಹೆಚ್ಚುಕಮ್ಮಿ ಇಂಥದ್ದೇ ಲೆಕ್ಕ. ಆದರೆ ಬಡ್ಡಿ ಅಲ್ಲೇ ನಿಂತಿರುತ್ತದೆ, ಬಿಲ್ ನಿಲ್ಲುವುದಿಲ್ಲ. ವರ್ಷಕ್ಕೆ ಶೇ 8ರಂತೆ ಏರಿದರೆ ಒಂಬತ್ತು ವರ್ಷಕ್ಕೆ 80,000, ಹದಿನೆಂಟು ವರ್ಷಕ್ಕೆ 1,60,000. ಅರವತ್ತೈದಕ್ಕೆ ಹೋದವರಿಗೆ ಆಗ ಎಂಬತ್ಮೂರು. ಆ ವಯಸ್ಸಿನಲ್ಲಿ ಬಿಲ್ ಕಟ್ಟಲಾಗದೆ ಎಲ್ಲಿಗೆ ಹೋಗುತ್ತಾರೆ? ಹಳೇ ಮನೆ ಮಾರಿ ಆಗಿದೆ.

ಇದಕ್ಕಿಂತ ಕಹಿಯಾದ ಲೆಕ್ಕ ಇನ್ನೊಂದಿದೆ. ಇಬ್ಬರಲ್ಲಿ ಒಬ್ಬರು ಹೋದ ಮೇಲೆ ಏನಾಗುತ್ತದೆ? ಊಟದ 18,000 ಅರ್ಧ ಆಗುತ್ತದೆ. ಮೇಂಟೆನೆನ್ಸ್ ಚದರಡಿ ಲೆಕ್ಕ, ಅದು ಇಳಿಯುವುದಿಲ್ಲ. ಸೇವೆಯ ಶುಲ್ಕವೂ ಮನೆಗೆ ಇಷ್ಟು ಅಂತ ಇದ್ದರೆ ಒಟ್ಟು ಬಿಲ್ 31,000. ಇಳಿದದ್ದು ಕಾಲು ಭಾಗಕ್ಕಿಂತ ಕಮ್ಮಿ. ಗಂಡ ಸರ್ಕಾರಿ ನೌಕರಿಯಲ್ಲಿದ್ದು ಹಳೆಯ ಪಿಂಚಣಿ ಬರುತ್ತಿದ್ದರೆ ಅದು ಕೊನೆಯ ಸಂಬಳದ ಶೇ 50. ಹೆಂಡತಿಗೆ ಸಿಗುವ ಕುಟುಂಬ ಪಿಂಚಣಿ ಸಾಮಾನ್ಯವಾಗಿ ಶೇ 30. ಅಂದರೆ ಆದಾಯದಲ್ಲಿ ಐದರಲ್ಲಿ ಎರಡು ಭಾಗ ಹೋಯಿತು. ನಮ್ಮಲ್ಲಿ ಹೆಂಗಸರು ಗಂಡಂದಿರಿಗಿಂತ ವಯಸ್ಸಿನಲ್ಲಿ ಚಿಕ್ಕವರು, ಹೆಚ್ಚು ಕಾಲ ಬದುಕುವವರೂ ಹೌದು. ಹೊರಡೋಣ ಅಂತ ಹಟ ಹಿಡಿದ ಆ ಹೆಂಗಸಿಗೇ ಕೊನೆಯ ಹತ್ತು ವರ್ಷದ ಬಿಲ್ ಬರುವುದು. ಇಬ್ಬರ ಲೆಕ್ಕ ಹಾಕುವ ದಿನವೇ ಒಬ್ಬರ ಲೆಕ್ಕವನ್ನೂ ಹಾಕಬೇಕು. ಕೇಳಲು ಸಂಕಟ ಆಗುತ್ತದೆ, ಆದರೂ ಹಾಕಬೇಕು.

ಪಿಂಚಣಿಯೇ ಇಲ್ಲದವರ ಮಾತು ಬಿಡಿ. ಕಾರ್ಖಾನೆಯಲ್ಲಿ ದುಡಿದು ಪಿಎಫ್ ಪಿಂಚಣಿ ತೆಗೆದುಕೊಳ್ಳುವವರಿಗೆ 2014ರಲ್ಲಿ ನಿಗದಿಯಾದ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಅಂಥವರಿಗೆ ಈ ಗೇಟು ತೆರೆಯುವುದಿಲ್ಲ. 2007ರ ಕಾಯ್ದೆ ಪ್ರತಿ ಜಿಲ್ಲೆಗೂ 150 ಜನ ಇರಬಹುದಾದ ಒಂದು ವೃದ್ಧಾಶ್ರಮದ ಮಾತಾಡುತ್ತದೆ, ಅದೂ ಗತಿಯಿಲ್ಲದವರಿಗೆ. ಗತಿಯಿಲ್ಲದವರಿಗೂ ಜಯನಗರದಲ್ಲಿ ಮನೆ ಇದ್ದವರಿಗೂ ನಡುವೆ ಇರುವ ದೊಡ್ಡ ಸಂಖ್ಯೆಯ ಜನಕ್ಕೆ ಇವತ್ತು ಯಾವ ವ್ಯವಸ್ಥೆಯೂ ಇಲ್ಲ.

ಒಳಗಿನ ಬದುಕು ಹೇಗಿರುತ್ತದೆ ಅಂತ ತಿಳಿಯಬೇಕಾದರೆ ಊಟದ ಮನೆಗೆ ಹೋಗಬೇಕು. ಊಟ ಹನ್ನೆರಡೂವರೆಗೆ ಅಂದರೆ ಹನ್ನೆರಡೂ ಕಾಲಿಗೇ ಕುರ್ಚಿ ತುಂಬಿರುತ್ತದೆ. ನಾನು ಕಂಡ ಒಂದು ಕಡೆ ಯಾರ ಕುರ್ಚಿ ಯಾವುದು ಅಂತ ಎಲ್ಲೂ ಬರೆದಿರಲಿಲ್ಲ, ಆದರೂ ಎಲ್ಲರಿಗೂ ಗೊತ್ತಿತ್ತು. ಹೊಸಬರು ಯಾರೋ ಬಂದು ಕಿಟಕಿ ಪಕ್ಕ ಕೂತರು. ಸುಮ್ನೆ ಒಂದು ನಿಮಿಷ ಎಲ್ಲರ ಮಾತು ನಿಂತಿತು. ಬಾಗಿಲ ಹತ್ತಿರ ದೂರಿನ ಪುಸ್ತಕ ಇಟ್ಟಿದ್ದರು. ತಿರುವಿದರೆ ಪುಟ ಪುಟವೂ ಅಡುಗೆಯದೇ. ಬೇಳೆ ಬೆಂದಿಲ್ಲ, ಪಲ್ಯಕ್ಕೆ ಉಪ್ಪು ಜಾಸ್ತಿ, ವಾರದಲ್ಲಿ ಮೂರು ದಿನ ಸೋರೆಕಾಯಿ ಯಾಕೆ, ಏಕಾದಶಿಗೆ ಬೇರೆ ತಿಂಡಿ ಮಾಡಿ, ಈರುಳ್ಳಿ ಹಾಕದ ಸಾರು ಬೇರೆ ಇಡಿ. ಒಬ್ಬರು ಕೆಂಪು ಶಾಯಿಯಲ್ಲಿ, 'ಇದಕ್ಕೆ ತಿಳಿಸಾರು ಅನ್ನಬೇಡಿ' ಅಂತ ಬರೆದಿದ್ದರು.

ನಗು ಬರುತ್ತದೆ. ಆದರೆ ಇದನ್ನು ಮುದುಕರ ಚಾಳಿ ಅಂತ ತಳ್ಳಿಹಾಕುವುದು ತಪ್ಪು. ಮನೆ ನಡೆಸುವ ತಲೆನೋವನ್ನು ಬೇರೆಯವರಿಗೆ ಕೊಟ್ಟಾಗ ಅದರ ಜೊತೆ ಅಧಿಕಾರವೂ ಹೋಗುತ್ತದೆ. ಇವತ್ತು ಏನು ತಿನ್ನಬೇಕು ಅನ್ನುವುದನ್ನೂ ಇನ್ನೊಬ್ಬರು ತೀರ್ಮಾನಿಸುತ್ತಾರೆ. ಆ ಪುಸ್ತಕದಲ್ಲಿ ಬರೆಯುವುದು ಉಳಿದಿರುವ ಒಂದೇ ಹಿಡಿತ. ಅದನ್ನು ಓದಿ ಯಾರು ಏನು ಮಾಡುತ್ತಾರೆ ಅನ್ನುವುದರಲ್ಲಿ ಇಡೀ ಬಡಾವಣೆಯ ಸ್ವಭಾವ ಗೊತ್ತಾಗುತ್ತದೆ. ಕೆಲವು ಕಡೆ ನಿವಾಸಿಗಳ ಅಡುಗೆ ಸಮಿತಿ ಇದ್ದು, ವಾರದ ಮೆನು ಅವರೇ ಬರೆಯುತ್ತಾರೆ. ಕೆಲವು ಕಡೆ ದೂರನ್ನು ಮ್ಯಾನೇಜರ್ ನೋಡಿ ಸಹಿ ಹಾಕಿ ಮುಚ್ಚುತ್ತಾರೆ.

ಹಂಚಿಕೊಂಡ ಸೌಕರ್ಯಗಳದೂ ಇದೇ ಕಥೆ. ಬ್ರೋಷರಿನಲ್ಲಿ ಈಜುಕೊಳ, ಸ್ಕ್ವಾಷ್ ಕೋರ್ಟ್, ಹೋಮ್ ಥಿಯೇಟರ್ ಎಲ್ಲ ಇರುತ್ತದೆ. ಹೆಚ್ಚು ಜನ ಬಳಸುವುದು ಫಿಸಿಯೋಥೆರಪಿ ಕೋಣೆ, ಪೇಪರು ಇರುವ ಜಗುಲಿ, ದೇವಸ್ಥಾನ, ಗೇಟಿನಿಂದ ಬ್ಲಾಕಿಗೆ ಬಿಡುವ ಬ್ಯಾಟರಿ ಗಾಡಿ. ಈಜುಕೊಳಕ್ಕೆ ಇಳಿಯುವವರು ನಾಲ್ಕು ಜನ, ಅದರ ಪಂಪು, ಕ್ಲೋರಿನ್, ಕಾವಲುಗಾರನ ಖರ್ಚು ಎಲ್ಲರ ಬಿಲ್ಲಿನಲ್ಲೂ. ಕೊಳ ಬತ್ತಿಸಿ ಆ ದುಡ್ಡಿಗೆ ಇನ್ನೊಬ್ಬ ರಾತ್ರಿ ನರ್ಸ್ ಇಡೋಣ ಅಂದರೆ, 'ಮೊಮ್ಮಕ್ಕಳು ಬಂದಾಗ ಬೇಕಲ್ವಾ' ಅನ್ನುತ್ತಾರೆ. ಅಮೆರಿಕದಿಂದ ಮೊಮ್ಮಕ್ಕಳು ಬರುವುದು ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಸಲ.

ಈ ಬಡಾವಣೆಗಳಿಗೆ ಇನ್ನೊಂದು ವಿಚಿತ್ರ ಗುಣ ಇದೆ. ಬೇರೆ ಬೀದಿಗಳಲ್ಲಿ ಹುಟ್ಟುವವರು, ಮದುವೆಯಾಗಿ ಬರುವವರು, ಹೋಗುವವರು ಎಲ್ಲ ಬೆರೆತಿರುತ್ತಾರೆ. ಇಲ್ಲಿ ಬಾಗಿಲು ತೆರೆದ ವರ್ಷ ಬರುವವರ ಪೈಕಿ ಹೆಚ್ಚಿನವರು ಅರವತ್ತೈದರ ಆಸುಪಾಸು. ವಾಕಿಂಗು, ಹಾಡಿನ ಗುಂಪು, ತಲಕಾವೇರಿಗೆ ಪ್ರವಾಸ, ಗಣೇಶನ ಹಬ್ಬಕ್ಕೆ ನಾಟಕ. ಹದಿನೈದು ವರ್ಷ ಕಳೆದರೆ ಎಲ್ಲರಿಗೂ ಒಟ್ಟಿಗೆ ಎಂಬತ್ತು. ಆಗ ಬೇಕಾಗುವುದು ಬೇರೆಯೇ ಜಾಗ. ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸುವ ಕೈ ಬೇಕು, ಮರೆವಿನ ಕಾಯಿಲೆಯವರಿಗೆ ಜೊತೆಗಾರರು ಬೇಕು. 2023ರಲ್ಲಿ ಬಂದ ಒಂದು ಅಧ್ಯಯನದ ಅಂದಾಜಿನಲ್ಲಿ ಭಾರತದ 60 ದಾಟಿದವರಲ್ಲಿ ಶೇ 7.4 ಜನರಿಗೆ ಡಿಮೆನ್ಷಿಯಾ ಇದೆ. ಇನ್ನೂರು ಜನರ ಬಡಾವಣೆಯಲ್ಲಿ ಹದಿನೈದು ಜನ ಅಂದಹಾಗಾಯ್ತು. ಎಂಬತ್ತು ದಾಟಿದವರೇ ತುಂಬಿದ್ದರೆ ಇನ್ನೂ ಹೆಚ್ಚು.

ಒಪ್ಪಂದದಲ್ಲಿ ಇಲ್ಲೇ ಒಂದು ಸಾಲು ಅಡಗಿರುತ್ತದೆ. ನಿವಾಸಿಗಳು ಸ್ವತಂತ್ರವಾಗಿ ಇರಲು ಶಕ್ತರಾಗಿರಬೇಕು. ಆಗದಿದ್ದರೆ? ಒಳ್ಳೆಯ ಕಡೆಗಳಲ್ಲಿ ಅದೇ ಆವರಣದಲ್ಲಿ ಆರೈಕೆಯ ವಿಭಾಗ ಇದೆ, ಅದಕ್ಕೆ ಪ್ರತ್ಯೇಕ ಶುಲ್ಕ. ಕೆಲವು ಕಡೆ ಸ್ವಂತ ಖರ್ಚಿನಲ್ಲಿ ದಿನದ ಇಪ್ಪತ್ನಾಲ್ಕು ಗಂಟೆಗೂ ಆಯಾ ಇಟ್ಟುಕೊಳ್ಳಬೇಕು. ಆ ಆಯಾ ಹೆಚ್ಚಾಗಿ ಬೇರೆ ರಾಜ್ಯದ ಹುಡುಗಿ, ಮಾತು ಹರಕು ಮುರುಕು ಹಿಂದಿ. ಮರೆವು ಬಂದವರಿಗೆ ಎಷ್ಟೋ ಸಲ ಮೊದಲು ಜಾರುವುದು ಆಮೇಲೆ ಕಲಿತ ಭಾಷೆಗಳು. ದೆಹಲಿಯಲ್ಲಿ ಮೂವತ್ತು ವರ್ಷ ಅಧಿಕಾರಿಯಾಗಿದ್ದವರಿಗೂ ಕೊನೆಗೆ ಉಳಿಯುವುದು ಮನೆಮಾತು. 'ನೀರು ಕೊಡವ್ವ' ಅಂದರೆ ಆ ಹುಡುಗಿಗೆ ಅರ್ಥ ಆಗಬೇಕಲ್ಲ. ಇದು ಯಾವ ಬ್ರೋಷರಿನಲ್ಲೂ ಇರುವುದಿಲ್ಲ. ಕರ್ನಾಟಕದಲ್ಲಿ ಇಂಥ ಜಾಗ ನಡೆಸುವವರು ಆರೈಕೆಯವರಿಗೆ ಕನಿಷ್ಠ ನೂರು ಕನ್ನಡ ಮಾತು ಕಲಿಸುವುದು ಈಜುಕೊಳಕ್ಕಿಂತ ಅಗ್ಗ.

ಹಾಗಾದರೆ ನಡೆಸುವವರು ಯಾರಿರಬೇಕು, ಕಂಪನಿಯೋ ನಿವಾಸಿಗಳ ಸಂಘವೋ? ಅಮೆರಿಕದ ಅರಿಜೋನಾದಲ್ಲಿ 1960ರ ಜನವರಿ 1ರಂದು ಬಾಗಿಲು ತೆರೆದ ಸನ್ ಸಿಟಿ ಈ ಬಗೆಯ ಊರುಗಳಿಗೆಲ್ಲ ಹಿರಿಯಣ್ಣ. ಕಟ್ಟಿದ್ದು ಡೆಲ್ ವೆಬ್ ಅನ್ನುವ ಬಿಲ್ಡರ್. ಅಲ್ಲಿನ ಕ್ಲಬ್ಬು, ಈಜುಕೊಳ, ಗಾಲ್ಫ್ ಮೈದಾನಗಳನ್ನು ಇವತ್ತು ನಡೆಸುವುದು ನಿವಾಸಿಗಳದೇ ಒಂದು ಲಾಭರಹಿತ ಸಂಸ್ಥೆ. ಅಲ್ಲಿ ವಯಸ್ಸಿನ ನಿಯಮಕ್ಕೂ ಕಾನೂನಿನ ಬಲ ಇದೆ. 1995ರ ಫೆಡರಲ್ ಕಾಯ್ದೆ ಪ್ರಕಾರ ಶೇ 80 ಮನೆಗಳಲ್ಲಿ 55 ದಾಟಿದ ಒಬ್ಬರಾದರೂ ಇದ್ದರೆ ಅದನ್ನು ಹಿರಿಯರ ವಸತಿ ಅಂತ ಉಳಿಸಿಕೊಳ್ಳಬಹುದು.

ನಮ್ಮಲ್ಲಿ ಸಂಘ ಕಟ್ಟುವುದಕ್ಕೆ ಕಾನೂನಿನ ಅಡ್ಡಿ ಇಲ್ಲ. ರೇರಾ ಕಾಯ್ದೆ ಸಾಮಾನ್ಯ ಜಾಗಗಳನ್ನು ಸಂಘಕ್ಕೆ ಬಿಟ್ಟುಕೊಡಬೇಕು ಅಂತಲೇ ಹೇಳುತ್ತದೆ, ಕರ್ನಾಟಕದಲ್ಲಿ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯೂ ಇದೆ. ಕೊರತೆ ಇರುವುದು ಕಾರ್ಯದರ್ಶಿಯಾಗುವವರಿಗೆ. ಮೊದಲ ಐದು ವರ್ಷ ನಿವೃತ್ತ ಬ್ಯಾಂಕ್ ಮ್ಯಾನೇಜರ್, ನಿವೃತ್ತ ಎಂಜಿನಿಯರ್ ಹುರುಪಿನಿಂದ ಓಡಾಡುತ್ತಾರೆ. ಟೆಂಡರು ಕರೆಯುತ್ತಾರೆ, ಡೀಸೆಲ್ ಲೆಕ್ಕ ನೋಡುತ್ತಾರೆ. ಆಮೇಲೆ ಒಬ್ಬರಿಗೆ ಬೈಪಾಸ್, ಇನ್ನೊಬ್ಬರಿಗೆ ಕಣ್ಣು. ಚುನಾವಣೆಗೆ ಅರ್ಜಿ ಹಾಕುವವರೇ ಇರುವುದಿಲ್ಲ. ಆಗ ಕಂಪನಿಯ ಕೈಗೇ ಬಿಡುವುದು ಸುಲಭ. ಆದ್ದರಿಂದ ನನ್ನ ಮಟ್ಟಿಗೆ ಸರಿ ಕಾಣುವುದು ಮಧ್ಯದ ದಾರಿ. ಆಸ್ತಿ ಮತ್ತು ಖಾತೆ ಸಂಘದ ಹೆಸರಲ್ಲಿ, ದಿನದ ಕೆಲಸ ಕಂಪನಿಯ ಕೈಯಲ್ಲಿ, ಮೂರು ವರ್ಷಕ್ಕೊಮ್ಮೆ ಗುತ್ತಿಗೆ ಬದಲಿಸುವ ಹಕ್ಕು ಬರವಣಿಗೆಯಲ್ಲಿ. ಬದಲಿಸದಿದ್ದರೂ ಪರವಾಗಿಲ್ಲ. ಬದಲಿಸಬಹುದು ಅನ್ನುವುದು ಕಂಪನಿಗೆ ಗೊತ್ತಿದ್ದರೆ ಬೇಳೆ ಬೇಯುತ್ತದೆ.

ಮಾಲೀಕತ್ವದ ಬದಲು ಠೇವಣಿ ಕೊಟ್ಟು ಇರುವ ಪದ್ಧತಿಯೂ ಈಗ ಹೆಚ್ಚುತ್ತಿದೆ. ದೊಡ್ಡ ಮೊತ್ತ ಕೊಟ್ಟು ಇದ್ದಷ್ಟು ದಿನ ಇರುವುದು, ಹೊರಟಾಗ ಒಂದು ಭಾಗ ಕಳೆದು ವಾಪಸ್. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಬೇಕು ಅಂತ ಕಾನೂನು ಹೇಳುತ್ತದೆ. ಬರೀ ಛಾಪಾಕಾಗದದ ಮೇಲೆ ಸಹಿ ಹಾಕಿ ಲಕ್ಷಗಟ್ಟಲೆ ಕೊಡುವುದು ಬೇಡ. ಕಂಪನಿ ಮುಳುಗಿದರೆ ಅದಕ್ಕೆ ಸಾಲ ಕೊಟ್ಟವರ ಸಾಲಿನಲ್ಲಿ ನಿಮ್ಮ ಠೇವಣಿಯ ಜಾಗ ಹಿಂದೆ.

ಕೊನೆಗೆ ಮಾರಾಟದ ವಿಷಯ. ಸಾಮಾನ್ಯ ಮನೆಯನ್ನು ಯಾರಿಗಾದರೂ ಮಾರಬಹುದು. ಇಲ್ಲಿ ಕೊಳ್ಳುವವರಿಗೂ ವಯಸ್ಸಾಗಿರಬೇಕು, ಎಷ್ಟೋ ಕಡೆ ಸಸ್ಯಾಹಾರಿಯೂ ಆಗಿರಬೇಕು. ಅಡುಗೆಮನೆಗೆ ಸಂಬಂಧಿಸಿದ ನಿಯಮ ಅಂತ ಮೇಲುನೋಟಕ್ಕೆ ಕಂಡರೂ ಯಾರು ನೆರೆಯವರಾಗಬೇಕು ಅನ್ನುವ ಆಯ್ಕೆಯೂ ಅದರಲ್ಲಿ ನಡೆದುಹೋಗುತ್ತದೆ. ಅದರ ಬೆಲೆಯನ್ನು ಮಾರುವ ದಿನ ಕಟ್ಟುವವರು ಮಕ್ಕಳು. ಉಯಿಲಿನಿಂದ ಮನೆ ಮಗನಿಗೆ ಬರುತ್ತದೆ, ಆದರೆ ನಲವತ್ತೈದರ ಮಗ ಅದರಲ್ಲಿ ವಾಸ ಮಾಡುವಂತಿಲ್ಲ. ಬಾಡಿಗೆಗೂ ಹಿರಿಯರೇ ಬೇಕು. ಖಾಲಿ ಬಿದ್ದಿದ್ದರೂ ಮೇಂಟೆನೆನ್ಸ್ ನಿಲ್ಲುವುದಿಲ್ಲ, ಕ್ಯಾಲಿಫೋರ್ನಿಯಾದಿಂದ ತಿಂಗಳು ತಿಂಗಳು ಕಟ್ಟಬೇಕು. ಮರುಮಾರಾಟಕ್ಕೆ ಕಂಪನಿಯ ಒಪ್ಪಿಗೆ ಬೇಕು, ವರ್ಗಾವಣೆ ಶುಲ್ಕ ಕೊಡಬೇಕು ಅನ್ನುವ ಷರತ್ತು ಇದ್ದರೆ ಇನ್ನೂ ತಡ.

ಹೋಗಲೇಬೇಡಿ ಅಂತ ಇದರ ಅರ್ಥ ಅಲ್ಲ. ಒಂಟಿಯಾಗಿ ಮೂರು ಮಹಡಿ ಮನೆ ಕಾಯುವುದಕ್ಕಿಂತ, ಬೆಳಗ್ಗೆ ಕಾಫಿಗೆ ಬರಲಿಲ್ಲ ಅಂದರೆ ಹತ್ತು ನಿಮಿಷದಲ್ಲಿ ಯಾರೋ ಬಾಗಿಲು ತಟ್ಟುವ ಜಾಗ ಎಷ್ಟೋ ವಾಸಿ. ಹಳೇ ಮನೆ ಮಾರುವ ಮುಂಚೆ ಒಂದೆರಡು ತಿಂಗಳು ಬಾಡಿಗೆಗೆ ಇದ್ದು ನೋಡಿ, ಹಲವು ಕಡೆ ಅದಕ್ಕೆ ಅವಕಾಶ ಇದೆ. ಕಳೆದ ಐದು ವರ್ಷದಲ್ಲಿ ಬಿಲ್ ಎಷ್ಟೆಷ್ಟು ಏರಿತು, ಎಷ್ಟು ಮನೆ ಮರುಮಾರಾಟ ಆದವು, ಒಂದೊಂದಕ್ಕೆ ಎಷ್ಟು ತಿಂಗಳು ಹಿಡಿಯಿತು ಅಂತ ಕೇಳಿ. ಮಾರಾಟದ ಆಫೀಸಿನಲ್ಲಿ ಕೇಳಬೇಡಿ. ಸಂಜೆ ಕಾಫಿ ಹೊತ್ತಿಗೆ ಹೋಗಿ, ಗಂಡ ತೀರಿಕೊಂಡ ಮೇಲೂ ಅಲ್ಲೇ ಇರುವ ಯಾರಾದರೊಬ್ಬರ ಪಕ್ಕ ಕೂತು ಕೇಳಿ.